ತಾಯಿಯ ಗುರುತು

ಕಳೆದ ದಸರಾ ರಜೆಯಲ್ಲಿ ಮೊಮ್ಮಕ್ಕಳೊಡನೆ ಕಾರ್ಕಳದಿಂದ ಮೈಸೂರಿಗೆ ಹೋಗಿದ್ದೆ. 1892ರಲ್ಲಿ ಆರಂಭವಾದ ಅಲ್ಲಿನ ಮೃಗಾಲಯದಲ್ಲಿ ಮಕ್ಕಳು ಬಹಳ ಹೊತ್ತು ನಿಂತದ್ದು ಜೀಬ್ರಾಗಳ ಮುಂದೆ. "ಅಜ್ಜೀ, ಇವುಗಳಿಗೆ ಬಣ್ಣ ಬಳಿದವರು ಯಾರು?" ಎಂದು ಕಿರಿಯವಳು ಕೇಳಿದಳು. 1621ರಲ್ಲಿ ಮೊಗಲ್ ಸಾಮ್ರಾಟ ಜಹಾಂಗೀರನ ಬಳಿಗೆ ಜೀಬ್ರಾ ಬಂದಾಗಲೂ ಜನರಿಗೆ ಇದೇ ಸಂಶಯ ಹುಟ್ಟಿತ್ತು. ಪರೀಕ್ಷಿಸಿದ ಬಳಿಕವೇ ಅದು ಸೃಷ್ಟಿಕರ್ತನ ಕೈಕೆಲಸವೆಂದು ಒಪ್ಪಿದರು.

"ಆದರೆ ಎಲ್ಲವೂ ಒಂದೇ ತರ ಇವೆಯಲ್ಲ!" ಎಂದ ಹಿರಿಯವನು. ಹಾಗಲ್ಲ. ನಮ್ಮ ಬೆರಳಚ್ಚಿನಂತೆ ಒಂದು ಜೀಬ್ರಾದ ಪಟ್ಟೆ ಇನ್ನೊಂದಕ್ಕಿಲ್ಲ. ಆಫ್ರಿಕಾದ ಬಯಲುಗಳಲ್ಲಿ ಒಂದು ಗಂಡು, ಕೆಲವು ಹೆಣ್ಣುಗಳು ಮತ್ತು ಮರಿಗಳು ಒಂದೇ ಕುಟುಂಬವಾಗಿ ಬಾಳುತ್ತವೆ. ಹುಟ್ಟಿದ ಮರಿ ಸುಮಾರು ಕಾಲು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಆದರೆ ಕಾಲು ಗಟ್ಟಿಯಾದರೆ ಸಾಲದು, ತಾಯಿಯ ಗುರುತೂ ಸಿಗಬೇಕು. ಅದಕ್ಕಾಗಿ ತಾಯಿ ಕೆಲವು ದಿನ ಬೇರೆ ಜೀಬ್ರಾಗಳನ್ನು ಮರಿಯ ಹತ್ತಿರ ಬಿಡುವುದಿಲ್ಲ. ಆ ದಿನಗಳಲ್ಲಿ ಮರಿ ತಾಯಿಯ ಪಟ್ಟೆ, ವಾಸನೆ, ಕೂಗು ಈ ಮೂರನ್ನೂ ಕಲಿಯುತ್ತದೆ. ಕುಟುಂಬದಲ್ಲಿ ಮುದಿಯೋ ರೋಗಿಯೋ ಹಿಂದುಳಿದರೆ ಉಳಿದವು ನಡಿಗೆಯನ್ನು ನಿಧಾನಗೊಳಿಸುತ್ತವೆ.

ಇದನ್ನು ಹೇಳುತ್ತಿದ್ದಂತೆ ನನ್ನ ಮಾತು ನಿಂತಿತು. ತೀರಿಹೋದ ಅಮ್ಮನ ನೆನಪಾಯಿತು.

ಕೊನೆಯ ಎರಡು ವರ್ಷ ಅಮ್ಮ ಕಾಪುವಿನ ತಮ್ಮನ ಮನೆಯಲ್ಲಿ ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದರು. ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೋದಾಗ ನನ್ನನ್ನು ದಿಟ್ಟಿಸಿ, "ನೀವು ಯಾರು?" ಎಂದು ಕೇಳಿದರು. ಹೆತ್ತ ತಾಯಿಯ ಬಾಯಲ್ಲಿ 'ನೀವು'! ಹಿತ್ತಿಲಿಗೆ ಹೋಗಿ ಅತ್ತೆ. ಗುರುತೇ ಸಿಗದ ಮೇಲೆ ಹೋಗಿ ಫಲವೇನೆಂದು ಮುಂದೆ ಒಂದೂವರೆ ತಿಂಗಳು ಅತ್ತ ಸುಳಿಯಲಿಲ್ಲ. ನಡಿಗೆ ನಿಧಾನಿಸುವ ತಾಳ್ಮೆ ನನಗಿರಲಿಲ್ಲ.

ಮತ್ತೆ ಹೋದ ದಿನ ಅಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಬಾಗಿಲಲ್ಲೇ ನಿಂತು "ಅಮ್ಮಾ" ಎಂದೆ. ಕಣ್ಣು ತೆರೆಯದೆಯೇ ಅವರು, "ಬಂದೆಯಾ? ನೀನು ಊಟ ಮಾಡಿದೆಯಾ?" ಎಂದರು.

ಮುಖ ಮರೆತಿತ್ತು, ಕೂಗು ಮರೆತಿರಲಿಲ್ಲ. ಆ ಬಳಿಕ ನಾನು ವಾರ ತಪ್ಪಿಸಲಿಲ್ಲ. ಆದರೆ ಕಳೆದುಹೋದ ಒಂದೂವರೆ ತಿಂಗಳು ಮರಳಿ ಬರಲಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಗುರುತು ಮರೆತ ಹಿರಿಯರಿದ್ದರೆ, ಬಾಗಿಲಲ್ಲಿ ನಿಂತು ಒಮ್ಮೆ ಕರೆದು ನೋಡಿ.