ಪಾದ್ರಿಗಳ ಮನೆಯಲ್ಲಿ ನಾವು

ಮಠದ ಸ್ವಾಮಿಗಳಿಗೆ ಸಂಸಾರವಿಲ್ಲ; ಕ್ಯಾಥೋಲಿಕ್ ಗುರುಗಳಿಗೂ ಇಲ್ಲ. ಆದರೆ ನಮ್ಮ ಪ್ರೊಟೆಸ್ಟಂಟ್ ಸಭೆಗಳ ಪಾದ್ರಿಗಳಿಗೆ ಹೆಂಡತಿ ಮಕ್ಕಳುಂಟು, ಹಾಲಿನವನ ಲೆಕ್ಕವುಂಟು, ತಿಂಗಳ ಕೊನೆಯ ವಾರದ ಪೇಚಾಟವೂ ಉಂಟು. ದೇವರ ಕೆಲಸ ಮಾಡುವವರ ಮನೆಯಲ್ಲಿ ದೇವರ ಭಯಭಕ್ತಿಯು ತಾನಾಗಿಯೇ ತುಂಬಿರುತ್ತದೆಂದು ಹಲವರು ತಿಳಿದಿರುವುದುಂಟು. ಬೆಲ್ಲದ ಅಂಗಡಿಯವನ ಮನೆಯಲ್ಲಿ ಎಲ್ಲರ ಬಾಯೂ ಸದಾ ಸಿಹಿಯಾಗಿರುತ್ತದೆಂದು ತಿಳಿದಂತೆ ಇದು. ಸಂಘದ ಸಂಪಾದಕರು ನಮ್ಮ ಬಾಳನ್ನು ಕುರಿತು ನಾಲ್ಕು ಮಾತು ಬರೆಯಿರೆಂದು ಕೇಳಿದ್ದಾರೆ. ಬಚ್ಚಿಡದೆ ಬರೆಯೋಣವೆಂದು ಕುಳಿತಿದ್ದೇವೆ.

ಮೊದಲು ಹೆಸರಿನ ಮಾತು. ನಮ್ಮ ಬೀದರ ಜಿಲ್ಲೆಯ ಹಳ್ಳಿಯಲ್ಲಿ ಪಾದ್ರಿಗಳನ್ನು ‘ಅಯ್ಯನವರು’ ಎನ್ನುತ್ತಾರೆ. ಅವರ ಕೈಹಿಡಿದವಳು ಅಂದಿನಿಂದಲೇ ‘ಅಮ್ಮನವರು’. ನಮಗಿಂತ ನಲವತ್ತು ವರ್ಷ ಹಿರಿಯರಾದ ಅಜ್ಜಿಯೊಬ್ಬರು ಮದುವೆಯ ಮಾರನೆಯ ದಿನ “ಅಮ್ಮೋರೆ” ಎಂದು ಕೂಗಿದಾಗ, ಅತ್ತೆಯವರು ಬಂದರೇನೋ ಎಂದು ನಾವು ಹಿಂದಿರುಗಿ ನೋಡಿದೆವು. ಆಗ ನಮಗೆ ಇಪ್ಪತ್ತೆರಡು ವರ್ಷ. ಅಯ್ಯನವರಿಗಾದರೋ ವರ್ಷಗಟ್ಟಲೆ ಶಾಸ್ತ್ರಾಭ್ಯಾಸ, ಪರೀಕ್ಷೆ, ಬಿಷಪ್ಪರಿಂದ ಗುರುದೀಕ್ಷೆ. ಅಮ್ಮನವರಿಗೆ ಶಾಲೆಯಿಲ್ಲ, ಪರೀಕ್ಷೆಯಿಲ್ಲ, ಪಗಾರವೂ ಇಲ್ಲ. ಕೆಲಸ ಮಾತ್ರ ಮೊದಲ ದಿನದಿಂದಲೇ ಕಾದಿರುತ್ತದೆ.

ಈ ಪದವಿಗೂ ಒಂದು ಚರಿತ್ರೆಯುಂಟು. ಜರ್ಮನಿಯ ಮಾರ್ಟಿನ್ ಲೂಥರರು 1525ರಲ್ಲಿ ಕತರೀನಾ ಫಾನ್ ಬೋರಾ ಎಂಬಾಕೆಯನ್ನು ಮದುವೆಯಾದರು. ಇಬ್ಬರೂ ಹಿಂದೆ ಸಂನ್ಯಾಸ ವ್ರತ ಹಿಡಿದು ಬಿಟ್ಟವರು. ವಿಟೆನ್‌ಬರ್ಗಿನ ಹಳೆಯ ಮಠವೇ ಅವರ ಮನೆಯಾಯಿತು. ಕತರೀನಾ ತೋಟ ಮಾಡಿದರು, ದನ ಹಂದಿಗಳನ್ನು ಸಾಕಿದರು, ಮನೆಯಲ್ಲಿಯೇ ಬಿಯರ್ ತಯಾರಿಸಿದರು, ವಿದ್ಯಾರ್ಥಿಗಳಿಗೂ ಅತಿಥಿಗಳಿಗೂ ಊಟ ಹಾಕಿದರು. ಊಟದ ಮೇಜಿನಲ್ಲಿ ಲೂಥರರು ಆಡಿದ ಮಾತುಗಳನ್ನು ಶಿಷ್ಯರು ಬರೆದುಕೊಂಡರು, ಅವು ಗ್ರಂಥವಾಗಿವೆ. ಆ ಗ್ರಂಥದ ಮಾತು ಬಂದಾಗಲೆಲ್ಲ ನಮಗೆ ಮಾತ್ರ ಮೇಜಿನ ಮೇಲಿದ್ದ ಪಾತ್ರೆಗಳೇ ನೆನಪಾಗುತ್ತವೆ.

ಇನ್ನೊಬ್ಬರು ಇಂಗ್ಲೆಂಡಿನ ಸುಸಾನಾ ವೆಸ್ಲಿ. ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯವರ ತಾಯಿ, ಎಪ್‌ವರ್ತ್ ಎಂಬ ಊರಿನ ಪಾದ್ರಿಗಳ ಹೆಂಡತಿ. ಹಡೆದದ್ದು ಹತ್ತೊಂಬತ್ತು ಮಕ್ಕಳನ್ನು. ಒಂಬತ್ತು ಎಳವೆಯಲ್ಲಿಯೇ ಹೋದವು. ಗಂಡ 1705ರಲ್ಲಿ ಸಾಲಕ್ಕಾಗಿ ಸೆರೆಮನೆ ಕಂಡರು. 1709ರಲ್ಲಿ ಮನೆ ಸುಟ್ಟುಹೋಯಿತು. ಮುಂದೆ ಗಂಡ ಲಂಡನ್ನಿಗೆ ಹೋಗಿದ್ದಾಗ ಆಕೆ ತಮ್ಮ ಮಕ್ಕಳಿಗಾಗಿ ರವಿವಾರ ಸಂಜೆ ಅಡುಗೆಮನೆಯಲ್ಲಿ ಪ್ರಾರ್ಥನೆ ನಡೆಸತೊಡಗಿದರು. ನೆರೆಯವರು ಬಂದರು, ಅವರ ನೆರೆಯವರೂ ಬಂದರು. ಕಡೆಗೆ ಸುಮಾರು 200 ಜನ ಸೇರತೊಡಗಿದರು. ಹೆಂಗಸಿಗೆ ಇದೇಕೆ ಎಂದು ಗಂಡನ ಬಳಿಗೆ ದೂರು ಹೋಯಿತು. ನಿಲ್ಲಿಸಬೇಕಾದರೆ ಸ್ಪಷ್ಟವಾಗಿ ಅಪ್ಪಣೆ ಕೊಟ್ಟುಬಿಡಿ, ದೇವರ ಮುಂದೆ ಲೆಕ್ಕ ಒಪ್ಪಿಸುವಾಗ ಹೊಣೆ ನಿಮ್ಮದಿರಲಿ ಎಂಬ ಅರ್ಥದಲ್ಲಿ ಆಕೆ ಉತ್ತರ ಬರೆದರು. ಅಪ್ಪಣೆ ಬರಲಿಲ್ಲ.

ಕನ್ನಡಿಗರಿಗೆ ಹತ್ತಿರದ ಉದಾಹರಣೆಯೂ ಉಂಟು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದುದನ್ನು ಎಲ್ಲರೂ ಬಲ್ಲರು. ಅವರ ಮೊದಲ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಮುಂದೆ ಆಕೆಯ ಸಹೋದರಿ ಜೂಲಿಯವರೇ ಆ ಮನೆಗೆ ಬಂದರು. ದೊಡ್ಡ ಕೆಲಸವೊಂದು ನಡೆಯುವ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುವವರೂ ಇರಲೇಬೇಕಷ್ಟೆ.

ಇನ್ನು ನಮ್ಮ ಮನೆಯ ಮಾತು. ನಮ್ಮ ಮನೆಯೆಂದರೂ ಅದು ನಮ್ಮದಲ್ಲ, ಸಭೆಯದು. ಕೆಲವು ವರ್ಷಕ್ಕೊಮ್ಮೆ ವರ್ಗದ ಆಜ್ಞೆ ಬರುತ್ತದೆ. ಹಾಗೆ ನಾವು ಬಿಟ್ಟ ಮನೆಗಳು ಐದು. ಈಗ ಮುಂಬಯಿಯದು ಆರನೆಯದು. ಗಂಡಸರು ಮನೆಯನ್ನು ಖೋಲಿಗಳಿಂದ ಅಳೆಯುತ್ತಾರೆ. ನಾವು ಕಿಟಕಿಗಳಿಂದ ಅಳೆಯುತ್ತೇವೆ. ಒಂದು ಊರಿನ ಪರದೆ ಮತ್ತೊಂದು ಊರಿನ ಕಿಟಕಿಗೆ ಎಂದೂ ಸರಿಹೋದುದಿಲ್ಲ. ಬೀದರದ ಬಂಗಲೆಯ ಉದ್ದನೆಯ ಪರದೆಗಳನ್ನು ಮುಂದಿನ ಊರಿನಲ್ಲಿ ಮಡಿಚಿ ಹೊಲಿದೆವು. ಅದರ ಮುಂದಿನ ಊರಿನಲ್ಲಿ ಹೊಲಿಗೆ ಬಿಚ್ಚಿ ಅಂಚು ಕೊಟ್ಟೆವು. ಮುಂಬಯಿಗೆ ಬರುವ ಹೊತ್ತಿಗೆ ಅವು ದಿಂಬಿನ ಚೀಲಗಳಾದವು.

ಇಲ್ಲಿಯ ನಮ್ಮ ಸಭೆಯ ಬಹುಜನರು ಬೀದರ, ಕಲಬುರಗಿಗಳ ಕಡೆಯಿಂದ ದುಡಿಯಲು ಬಂದವರು. ಕಟ್ಟಡದ ಕೆಲಸದವರಿದ್ದಾರೆ, ರಿಕ್ಷಾ ಓಡಿಸುವವರಿದ್ದಾರೆ, ನರ್ಸುಗಳಿದ್ದಾರೆ, ಈಚೆಗೆ ಬ್ಯಾಂಕು ಕಂಪ್ಯೂಟರಿನವರೂ ಇದ್ದಾರೆ. ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ ರಾಜ್ಯದಲ್ಲಿದ್ದುದರಿಂದ ನಮ್ಮ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಎಲ್ಲವೂ ಬೆರೆತಿವೆ. ದೇವಾಲಯದ ಕಟ್ಟಡ ಒಂದೇ, ಸಭೆಗಳು ಮೂರು. ಬೆಳಗಿನ ಹೊತ್ತು ಇಂಗ್ಲಿಷಿನವರದು, ಆಮೇಲೆ ಮರಾಠಿಯವರದು, ಸಂಜೆ ನಮ್ಮದು. ಊರಿನಲ್ಲಿ ಜೋಳದ ರಾಶಿಯ ಮುಂದೆ ಮಾಡುತ್ತಿದ್ದ ಬೆಳೆಹಬ್ಬವನ್ನು ಇಲ್ಲಿ ಪೇಟೆಯಿಂದ ತಂದ ಕುಂಬಳಕಾಯಿಯ ಮುಂದೆ ಮಾಡುತ್ತೇವೆ. ಹರಾಜಿನಲ್ಲಿ ಕೂಗುವವರ ಉತ್ಸಾಹ ಮಾತ್ರ ಕಡಿಮೆಯಾಗಿಲ್ಲ. ಹೋದ ಸಲ ಒಂದು ತೆಂಗಿನಕಾಯಿ 600 ರೂಪಾಯಿಗೆ ಹೋಯಿತು.

ನಮ್ಮ ಮನೆಯ ಬಾಗಿಲಿಗೆ ಹೊತ್ತುಗೊತ್ತಿಲ್ಲ. ಮಗುವನ್ನು ಶಾಲೆಗೆ ಸೇರಿಸಲು ದೀಕ್ಷಾಸ್ನಾನದ ದಾಖಲೆ ಬೇಕೆನ್ನುವವರು, ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆಂದು ಅಳುವವರು, ಗಂಡನ ಪೆಟ್ಟು ತಿಂದು ಸೆರಗು ಮುಚ್ಚಿಕೊಂಡು ಬಂದು “ಏನಿಲ್ಲ, ಸುಮ್ಮನೆ ಬಂದೆ” ಎನ್ನುವವರು. ಅಯ್ಯನವರನ್ನು ಕೇಳುತ್ತ ಬರುತ್ತಾರೆ. ನಿಜವಾದ ಮಾತು ಅಡುಗೆಮನೆಯಲ್ಲಿಯೇ ಹೊರಬರುವುದು ಹೆಚ್ಚು. ಆದುದರಿಂದ ನಮಗೆ ಕಿವಿ ಎರಡಾದರೂ ಬಾಯಿ ಇರಕೂಡದು. ಮಾರ್ಥಾ ಮತ್ತು ಮರಿಯಾ ಎಂಬ ಅಕ್ಕತಂಗಿಯರ ಕಥೆ ಸುವಾರ್ತೆಯಲ್ಲಿದೆ. ಒಬ್ಬಳು ಯೇಸುವಿನ ಪಾದದ ಬಳಿ ಕುಳಿತು ಮಾತು ಕೇಳಿದಳು, ಇನ್ನೊಬ್ಬಳು ಅಡುಗೆಯ ಗಡಿಬಿಡಿಯಲ್ಲಿದ್ದಳು. ಕುಳಿತವಳನ್ನೇ ಯೇಸು ಮೆಚ್ಚಿದನಾದರೂ, ಒಲೆಯ ಮುಂದೆ ನಿಂತವಳ ಮೇಲೆ ನಮಗೆ ತುಸು ಹೆಚ್ಚು ಮಮತೆ.

ಮಕ್ಕಳ ಪಾಡು ಬೇರೆಯೇ. ಪಾದ್ರಿಗಳ ಮಕ್ಕಳೆಂದರೆ ಇಡೀ ಸಭೆಗೆ ಕಣ್ಣು. ಕ್ರಿಸ್ಮಸ್ಸಿಗೆ ಊರೆಲ್ಲ ಕರ್ಜಿಕಾಯಿ ತಿನ್ನುವಾಗ ನಮ್ಮವರು ಆರಾಧನೆ, ಆಸ್ಪತ್ರೆ, ಮನೆಮನೆಯ ಭೇಟಿ ಎಂದು ತಿರುಗುತ್ತಿರುತ್ತಾರೆ; ನಮ್ಮ ಮನೆಯ ಹಬ್ಬ 26ನೆಯ ತಾರೀಖಿಗೆ. ಸಂಘದಲ್ಲಿ ಪರಿಚಿತರಾದ ಅರ್ಚಕರ ಮನೆಯವರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಕ್ಕು, “ನವರಾತ್ರಿಯ ಒಂಬತ್ತು ದಿನವೂ ನಮ್ಮವರ ಮುಖ ಕಾಣುವುದು ಮಂಗಳಾರತಿಯ ಬೆಳಕಿನಲ್ಲೇ ನೋಡಿ” ಎಂದರು. ದೇವರು ಬೇರೆಯಾದರೂ ಹೆಂಗಸರ ಲೆಕ್ಕ ಒಂದೇ. ಅಂದಿನಿಂದ ನಾವಿಬ್ಬರೂ ಆಪ್ತರು.

ಇಷ್ಟನ್ನೆಲ್ಲ ನಗುತ್ತ ಬರೆಯಬಹುದು. ಇನ್ನು ಮುಂದಿನದು ಕಷ್ಟ. 2021ರ ಏಪ್ರಿಲ್ ತಿಂಗಳು. ಕೋವಿಡ್ಡಿನ ಎರಡನೆಯ ಅಲೆ. ದೇವಾಲಯಕ್ಕೆ ಬೀಗ. ರಾತ್ರಿ ಒಂಬತ್ತಕ್ಕೆ ನಾವು ಹೆಂಗಸರು ಫೋನಿನ ಮೇಲೆಯೇ ಕೂಡಿ ಪ್ರಾರ್ಥಿಸುತ್ತಿದ್ದೆವು. ನಮ್ಮವರು ಸ್ಮಶಾನಕ್ಕೆ ಹೋಗುತ್ತಿದ್ದರು; ಕೆಲವೊಮ್ಮೆ ಶವದ ಬಳಿ ಮನೆಯವರು ಇಬ್ಬರೂ ಇರುತ್ತಿರಲಿಲ್ಲ. ನಾವು ಬಾಗಿಲ ಹೊರಗೆ ಒಂದು ಬಕೆಟ್ಟು ಬಿಸಿನೀರು, ಸಾಬೂನು, ಒಗೆದ ಬಟ್ಟೆ ಇಟ್ಟು ಅವರ ಹೆಜ್ಜೆಯ ಸಪ್ಪಳಕ್ಕೆ ಕಾಯುತ್ತಿದ್ದೆವು. ಆ ತಿಂಗಳು ನಮ್ಮ ಭಕ್ತಿಯೆಂದರೆ ಆ ಬಕೆಟ್ಟೇ.

ಸಭೆಯ ಒಬ್ಬ ಹುಡುಗ, ಇಪ್ಪತ್ತಾರು ವಯಸ್ಸು, ವಿಧವೆಯ ಒಬ್ಬನೇ ಮಗ, ಹಾಸಿಗೆ ಹಿಡಿದ. ಹನ್ನೊಂದು ರಾತ್ರಿ ಅವನ ಹೆಸರು ಹಿಡಿದು ಬೇಡಿಕೊಂಡೆವು. ಹನ್ನೆರಡನೆಯ ದಿನ ಹೋದ. ಅವನ ತಾಯಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಮ್ಮೋರೆ, ಇಷ್ಟ್ ಮಂದಿ ಕೇಳ್ಕೊಂಡ್ರೂ ದೇವರಿಗಿ ಕೇಳಸ್ಲಿಲ್ಲೇನ್ರಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಅದಾದ ಮೇಲೆ ನಮ್ಮ ಪ್ರಾರ್ಥನೆ ಬತ್ತಿತು. ಬಾಯಿ ನಡೆಯುತ್ತಿದ್ದಿತು, ಒಳಗೆ ಏನೂ ಇರಲಿಲ್ಲ. ಬೇರೆಯವರಿಗೆ ಹೀಗಾದರೆ ಪಾದ್ರಿಗಳ ಬಳಿಗೆ ಹೋಗುತ್ತಾರೆ. ಪಾದ್ರಿಗಳ ಹೆಂಡತಿ ಎಲ್ಲಿಗೆ ಹೋಗಬೇಕು? ಮನೆಯ ಪಾದ್ರಿಗಳೋ, ದಿನಕ್ಕೊಂದು ಮಣ್ಣು ಮುಗಿಸಿ ಬಂದು ಗೋಡೆಗೆ ಒರಗಿ ಕೂಡುತ್ತಿದ್ದರು. ಅವರ ಮೇಲೆ ಇದನ್ನೂ ಹೇರುವುದು ಹೇಗೆ? ಸಭೆಯವರ ಮುಂದೆ ಆಡಿದರೆ ಅವರ ಧೈರ್ಯ ಕುಸಿಯುತ್ತದೆ. ಹೊರಗಿನವರಿಗೆ ಕಾಣದ ಒಂಟಿತನವೆಂದರೆ ಇದೇ. ವರ್ಗ, ಬಡತನ, ಪರದೆ ಇವೆಲ್ಲ ಇದರ ಮುಂದೆ ಏನೂ ಅಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಆ ತಾಯಿಯೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಪುಂಡಿಪಲ್ಯ. ಸಮಾಧಾನ ಹೇಳಬೇಕೆಂದು ನಾವು ಅವರೆದುರು ಕುಳಿತೆವು, ಪ್ರಾರ್ಥನೆಗೆ ಕಣ್ಣು ಮುಚ್ಚಿದೆವು, ಮಾತೇ ಹೊರಡಲಿಲ್ಲ. ಆಕೆ ಸ್ವಲ್ಪ ಹೊತ್ತು ನೋಡಿ, ನಮ್ಮ ಕೈಮೇಲೆ ಕೈಯಿಟ್ಟು, “ಬರಲ್ಲಂದ್ರ ಬಿಡ್ರಿ ಅಮ್ಮೋರೆ. ಇವತ್ತ್ ನಾ ಮಾಡ್ತೀನಿ, ನೀವ್ ಸುಮ್ಮ ಕೂಡ್ರಿ” ಎಂದರು. ಮಗನನ್ನು ಕಳೆದುಕೊಂಡಾಕೆ, ಅಕ್ಷರ ಕಲಿಯದಾಕೆ, ತಮ್ಮ ಬೀದರಿನ ಮಾತಿನಲ್ಲಿ ನಮಗಾಗಿ ದೇವರೊಡನೆ ಮಾತಾಡಿದರು. ದೂರನ್ನೂ ಹೇಳಿದರು, ಬೇಡಿಕೆಯನ್ನೂ ಇಟ್ಟರು. ಆಮೆನ್ ಎಂದು ಮುಗಿಸಿ, ರೊಟ್ಟಿ ಆರುತ್ತದೆ, ಉಣ್ಣಿರಿ ಎಂದರು. ನಾವು ಉಂಡೆವು.

ಬರಗಾಲದಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ವಿಧವೆಯ ಕಥೆ ಸತ್ಯವೇದದಲ್ಲಿ ಬರುತ್ತದೆ. ಚಿಕ್ಕಂದಿನಿಂದ ಕೇಳಿದ ಕಥೆಯೇ. ಅವಳ ಮಡಕೆಯಲ್ಲಿ ಹಿಟ್ಟು ತುಂಬಿ ತುಳುಕಿತೆಂದು ನಾವು ಹೇಗೋ ತಿಳಿದುಕೊಂಡಿದ್ದೆವು. ಕಥೆಯಲ್ಲಿ ಹಾಗಿಲ್ಲ, ಹಿಟ್ಟು ತೀರಲಿಲ್ಲ ಎಂದಷ್ಟೇ ಇದೆ. ಅಂದಂದಿಗೆ ಅಂದಿನಷ್ಟು. ನಂಬಿಕೆಯೂ ಹಾಗೆಯೇ ಎಂದು ಈಗ ನಮಗೆ ತೋರುತ್ತದೆ. ಒಂದು ಮನೆಯ ಡಬ್ಬಿಯಲ್ಲಿ ಮುಗಿದಾಗ ನೆರೆಮನೆಯಿಂದ ಕಡ ತಂದು ರೊಟ್ಟಿ ತಟ್ಟುವುದಿಲ್ಲವೇ? ಕೊಡುವ ಮನೆ ಪಾದ್ರಿಗಳದೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲ. ನಮ್ಮ ಪ್ರಾರ್ಥನೆ ಮೊದಲಿನಂತೆ ಸರಾಗವಾಗಿ ಹರಿಯುತ್ತದೆಂದು ಹೇಳಲಾರೆವು. ಆದರೆ ತೀರಿಲ್ಲ.

ಕಾಲವೂ ಬದಲಾಗುತ್ತಿದೆ. ದಕ್ಷಿಣ ಭಾರತ ಸಭೆಯಲ್ಲಿ 1976ರಿಂದ ಮಹಿಳೆಯರಿಗೂ ಗುರುದೀಕ್ಷೆ ದೊರೆಯುತ್ತಿದೆ. ಪಾದ್ರಿಗಳಾದ ಹೆಣ್ಣುಮಕ್ಕಳ ಗಂಡಂದಿರನ್ನು ಏನೆಂದು ಕರೆಯಬೇಕೆಂಬುದನ್ನು ಕನ್ನಡ ಪಂಡಿತರು ಇತ್ಯರ್ಥ ಮಾಡಲಿ. ಪರದೆ ಹೊಲಿಯುವುದನ್ನು ಅವರಿಗೆ ನಾವು ಕಲಿಸಿಕೊಡುತ್ತೇವೆ.

ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ನೆರೆಯಲ್ಲಿ ಅರ್ಚಕರ ಮನೆಯಾಕೆ, ಮೌಲವಿಗಳ ಮನೆಯಾಕೆ, ನಮ್ಮಂಥ ಅಮ್ಮನವರು ಯಾರಾದರೂ ಇದ್ದಾರು. ಅವರು ಎಲ್ಲರ ಸುಖದುಃಖ ಕೇಳುವವರು. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅವರಲ್ಲಿಗೆ ಹೋಗಿರಿ. ಏನನ್ನೂ ಕೇಳಲು ಹೋಗಬೇಡಿರಿ. ಅವರ ಸ್ವಂತ ಹೆಸರು ಹಿಡಿದು ಕರೆಯಿರಿ. ಚಹವನ್ನು ನೀವೇ ಮಾಡಿ ಕೊಡಿರಿ.