ಹೂವು ನೋಡಲು ಹೋಗಿ

ನಮ್ಮ ನಾಗರಬಾವಿಯ ಹೆಸರಿನಲ್ಲೇ ಬಾವಿಯಿದೆ. ಮೇ ತಿಂಗಳಲ್ಲಿ ನೀರು ಬರುವುದು ಮಾತ್ರ ಟ್ಯಾಂಕರಿನಲ್ಲಿ. ಬೆಳಗಿನ ಆರಕ್ಕೆ ಪಕ್ಕದ ಮನೆಯ ಸಂಪಿಗೆ ಪೈಪು ಇಳಿಬಿಟ್ಟು ಮೋಟರು ಗುಡುಗಿಸುವ ಸದ್ದಿಗೆ ಎದ್ದ ಅಮ್ಮ ಒಂದು ದಿನ, "ಎಲ್ಲಾದ್ರೂ ತಣ್ಣಗಿರೋ ಕಡೆ ಕರ್ಕೊಂಡ್ಹೋಗೋ" ಎಂದಳು. ಎಪ್ಪತ್ತಾರು ವರ್ಷದಲ್ಲಿ ಅವಳು ಹೀಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಊಟಿಯಲ್ಲಿ ಹೂವಿನ ಪ್ರದರ್ಶನ ಶುರುವಾಗಿತ್ತು. ಹೊರಟೆವು.

ಕಾರಿಗಾದರೆ ಇ-ಪಾಸ್ ಬೇಕಿತ್ತು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಪ್ರವಾಸಿ ವಾಹನಗಳಿಗಷ್ಟೇ ಅವಕಾಶವಿತ್ತು. ಸರ್ಕಾರಿ ಬಸ್ಸಿಗೆ ಆ ರಗಳೆಯಿರಲಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಹತ್ತಿ ಕೂತವರಿಗೆ ಮೈಸೂರು, ನಂಜನಗೂಡು, ಗುಂಡ್ಲುಪೇಟೆ ಎಲ್ಲ ತೂಕಡಿಕೆಯಲ್ಲೇ ಕಳೆದವು. ಬಂಡೀಪುರದಲ್ಲಿ ಜಿಂಕೆ ಕಂಡಿತಂತೆ, ನಾನು ನೋಡಲಿಲ್ಲ.

ಕಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಒಬ್ಬ ಬಸ್ ಹತ್ತಿ ಪ್ಲಾಸ್ಟಿಕ್ ನೀರಿನ ಬಾಟಲಿಗಳನ್ನು ಕಿತ್ತುಕೊಂಡ. ನಮ್ಮದೂ ಹೋಯಿತು. "ಟ್ಯಾಂಕರ್ ನೀರು ಕುಡಿದು ಬಂದೋರ ಹತ್ರ ಇರೋ ಒಂದು ಬಾಟ್ಲಿನೂ ಕಿತ್ಕೊಂಡ್ನಲ್ಲಪ್ಪ" ಎಂದು ಅಮ್ಮ ಗೊಣಗಿದಳು. ನನಗೇನೋ ಸರಿಯೆನಿಸಿತು. ನಾವು ಎಸೆದದ್ದನ್ನು ಆನೆ ತಿನ್ನುವುದಕ್ಕಿಂತ ನಮ್ಮ ಗಂಟಲು ಒಂದು ಗಂಟೆ ಒಣಗುವುದು ವಾಸಿ.

ಊಟಿಗೆ ಕಾಲಿಟ್ಟ ಮೇಲೆ ಮೊದಲು ತಣ್ಣಗಾದದ್ದು ಜೇಬು. ಫೋನಿನಲ್ಲಿ ಹೇಳಿದ ಬಾಡಿಗೆಗೂ ಲಾಡ್ಜಿನ ಕೌಂಟರಿನಲ್ಲಿ ಹೇಳಿದ ಬಾಡಿಗೆಗೂ ಸಂಬಂಧವೇ ಇರಲಿಲ್ಲ. "ಸೀಸನ್ ಸಾರ್" ಎಂದ ಹುಡುಗ. ಆ ಒಂದು ಪದ ಎಲ್ಲದಕ್ಕೂ ಸಮಜಾಯಿಷಿ: ಟೀ ಯಾಕೆ ನೀರಾಗಿದೆ, ಬಿಸಿನೀರು ಯಾಕೆ ಬರುತ್ತಿಲ್ಲ, ಆಟೋ ಯಾಕೆ ಮೀಟರ್ ಹಾಕುವುದಿಲ್ಲ. ಹಾಗೆ ನೋಡಿದರೆ ಈ ಊರು ಬೆಳೆದದ್ದೇ ಸೀಸನ್ನಿಗಾಗಿ. 1819ರಲ್ಲಿ ಬೆಟ್ಟ ಹತ್ತಿದ ಕೊಯಮತ್ತೂರು ಕಲೆಕ್ಟರ್ ಜಾನ್ ಸಲ್ಲಿವನ್ ಇಲ್ಲಿ ಕೆರೆ ಕಟ್ಟಿಸಿದ. ಆಮೇಲೆ ಮದರಾಸಿನ ಸರ್ಕಾರವೇ ಬೇಸಿಗೆ ಬಂತೆಂದರೆ ಕಡತಗಳ ಸಮೇತ ಮೇಲೆ ಬರುತ್ತಿತ್ತು. ನಮ್ಮ ಮೈಸೂರು ಮಹಾರಾಜರೂ ಫರ್ನ್‌ಹಿಲ್‌ನಲ್ಲಿ ಅರಮನೆ ಇಟ್ಟುಕೊಂಡಿದ್ದರು. ಈಗ ನಾವು ಟ್ರಾಲಿ ಬ್ಯಾಗ್ ಎಳೆದುಕೊಂಡು ಬರುತ್ತೇವೆ, ಅಷ್ಟೇ.

ಸೀಸನ್ನಿನ ಮೇಳಗಳಿಗೂ ಒಂದು ಪಂಚಾಂಗವಿದೆ. ಕೋಟಗಿರಿಯಲ್ಲಿ ತರಕಾರಿ ಪ್ರದರ್ಶನ, ಗೂಡಲೂರಿನಲ್ಲಿ ಸಾಂಬಾರ ಪದಾರ್ಥಗಳದ್ದು, ಊಟಿಯಲ್ಲಿ ಗುಲಾಬಿಯದ್ದು, ಬಟಾನಿಕಲ್ ಗಾರ್ಡನ್ನಿನಲ್ಲಿ ಹೂವಿನದ್ದು, ಆಮೇಲೆ ಕೂನೂರಿನ ಸಿಮ್ಸ್ ಪಾರ್ಕಿನಲ್ಲಿ ಹಣ್ಣಿನದ್ದು. ನಾವು ಹೋದದ್ದು ಹೂವಿಗೆ. 1848ರಲ್ಲಿ ಮೆಕ್‌ಐವರ್ ಎಂಬ ತೋಟಗಾರ ರೂಪಿಸಲು ತೊಡಗಿದ 55 ಎಕರೆಯ ತೋಟ. 1896ರಲ್ಲಿ ಮೊದಲ ಪ್ರದರ್ಶನ, 2025ರದ್ದು 127ನೆಯದು. ಹೂವಿನಲ್ಲೇ ಚೋಳರ ಕಾಲದ ಅರಮನೆ ಕಟ್ಟಿದ್ದರು. ಅದರ ಮುಂದೆ ಜನ ಹೇಗೆ ಮುತ್ತಿಕೊಂಡಿದ್ದರೆಂದರೆ, ನನಗೆ ಕಂಡದ್ದು ಎತ್ತಿದ ಮೊಬೈಲುಗಳ ಒಳಗಿನ ಅರಮನೆ. ಸೀಟಿ ಊದೂದಿ ಕೆಂಪಾದ ಕಾವಲುಗಾರನೊಬ್ಬ ಹುಲ್ಲಿನ ಮೇಲೆ ಚಿಪ್ಸ್ ಬಿಚ್ಚಿದ ಸಂಸಾರವೊಂದನ್ನು ಎಬ್ಬಿಸುತ್ತಿದ್ದ. ಅವರು ಎದ್ದು ಹತ್ತು ಹೆಜ್ಜೆ ಆಚೆ ಕೂತರು. ಅವರಾಡುತ್ತಿದ್ದದ್ದು ಬೆಂಗಳೂರಿನ ಕನ್ನಡ. ನಾನು ಬಾಯಿ ಮುಚ್ಚಿಕೊಂಡೆ.

ಅಮ್ಮ ಹೂವಿನ ಅರಮನೆಯನ್ನು ಬಹಳ ಹೊತ್ತು ದಿಟ್ಟಿಸಿ, "ಇವೆಲ್ಲ ಕೊಯ್ದು ಚುಚ್ಚಿರೋವು ಕಣೋ" ಎಂದಳು. ಆಮೇಲೆ ಕುಂಡಗಳ ಸಾಲಿನತ್ತ ಹೋಗಿ, ಯಾರೂ ನೋಡದಾಗ ಬೆರಳಿನಿಂದ ಮಣ್ಣು ಕೆದಕಿ ಮೂಸಿದಳು. ನೂರಿಪ್ಪತ್ತೇಳನೆಯ ಪ್ರದರ್ಶನದಲ್ಲಿ ಅವಳಿಗೆ ಹಿಡಿಸಿದ್ದು ಗೊಬ್ಬರ.

ಮರುದಿನ ಪುಟಾಣಿ ರೈಲಿಗೆ ಟಿಕೆಟ್ ಸಿಗಲಿಲ್ಲ. ಆಟೋ ಹಿಡಿದು ಕೂನೂರಿನ ದಾರಿಯಲ್ಲಿ ಹೋದೆವು. ಕೇತಿ ಕಣಿವೆ ಕಾಣುವಲ್ಲಿ, ರಸ್ತೆ ಬದಿಗೆ ಸೊಪ್ಪಿನ ಸಮೇತ ತೊಳೆದಿಟ್ಟ ಕ್ಯಾರೆಟ್ ಕಂತೆಗಳ ಹಿಂದೆ ಒಬ್ಬ ಮುದುಕಿ ಕೂತಿದ್ದಳು. ತಲೆಗೆ ಬಿಳಿ ಬಟ್ಟೆ, ಮೈಗೆ ಬಿಳಿ ಬಟ್ಟೆ. ನಾನು ನನ್ನ ಹರಕು ತಮಿಳಿನಲ್ಲಿ ರೇಟು ಕೇಳುತ್ತಿದ್ದೆ. ಅಷ್ಟರಲ್ಲಿ ಅವಳು ಪಕ್ಕದವಳಿಗೆ ಏನೋ ಹೇಳಿದಳು. ಅಮ್ಮ ಗಕ್ಕನೆ ನಿಂತಳು.

"ಏನಂದ್ರಿ ಈಗ?"

ಅವಳು ಮತ್ತೆ ಹೇಳಿದಳು. ಅದು ತಮಿಳಲ್ಲ. ನಮ್ಮ ಮಾತೇ, ಆದರೆ ದೂರದ ಗದ್ದೆಯಿಂದ ಕೂಗಿದ ಹಾಗೆ ಅರ್ಧ ಕೇಳಿ ಅರ್ಧ ಕೇಳದ್ದು. ಬಡಗ ನುಡಿಯೆಂದು ನನಗೆ ಹೊಳೆಯುವ ಹೊತ್ತಿಗೆ ಅಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಾಗಿತ್ತು.

"ನಿನ್ನ ಹೆಸರು ಏನ?" ಎಂದಳು ಮುದುಕಿ.

"ಅಯ್ಯೋ, ಹೆಸರು ಅಂತಾಳೆ ಕಣೋ!" ಅಮ್ಮ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ತನ್ನ ಹೆಸರು ಹೇಳಿದಳು, ಊರು ಮಾಗಡಿ ಕಡೆ ಎಂದಳು, ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು ಎಲ್ಲ ವರದಿ ಒಪ್ಪಿಸಿದಳು. ಮುದುಕಿ ಕಣಿವೆಯಾಚೆ ಕೈ ತೋರಿಸಿ ತನ್ನ ಹಟ್ಟಿ ಎಂದಳು. ಬಡಗರಲ್ಲಿ ಊರಿಗೇ ಹಟ್ಟಿ ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅವಳ ಊಟದ ಡಬ್ಬಿ ಬಿಚ್ಚಿತು. ಒಳಗೆ ಕಪ್ಪಗೆ ಹೊಳೆಯುವ ಹಿಟ್ಟು, ಬದಿಯಲ್ಲಿ ಅವರೆಕಾಳಿನ ಸಾರು. ಅಮ್ಮ ಬೇಡ ಬೇಡವೆನ್ನುತ್ತಲೇ ಒಂದು ಚೂರು ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದಳು. ಮುದುಕಿ ನಕ್ಕಳು. ಹೊರಗಿನವರು ಹಿಟ್ಟನ್ನು ಅಗಿಯುತ್ತಾರೆ. ನುಂಗುವವರು ಯಾರೆಂದು ಅವಳಿಗೆ ಗೊತ್ತು.

ಆಟೋದವನು ಎರಡು ಸಲ ಹಾರನ್ ಒತ್ತಿದ. ವೇಟಿಂಗ್ ಚಾರ್ಜು ಬೆಳೆಯುತ್ತಿತ್ತು. ನಾನು ಕ್ಯಾರೆಟ್ ಕಡಿಯುತ್ತಾ ನಿಂತೆ. ಬಡಗರು ಕೆಲವು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಬಂದವರೆಂಬುದು ಬಹುಪಾಲು ವಿದ್ವಾಂಸರ ಮಾತು. ನಾವು ಇಲ್ಲಿಯವರೇ ಎನ್ನುವ ಬಡಗರೂ ಇದ್ದಾರೆ. ಭಾಷಾವಿಜ್ಞಾನಿ ಎಮಿನೋ 1939ರಲ್ಲೇ ಈ ನುಡಿಯ ಸ್ವರಗಳ ಮೇಲೆ ಲೇಖನ ಬರೆದ. ಸ್ವರ ಹೇಳುವಾಗಲೂ ನಾಲಿಗೆ ಮಡಚುವ ವಿಚಿತ್ರ ಅದರಲ್ಲಿದೆ. 2011ರ ಜನಗಣತಿಯಲ್ಲಿ ಸುಮಾರು 1.33 ಲಕ್ಷ ಬಡಗ ಭಾಷಿಕರು, ಅವರನ್ನು ಎಣಿಸಿರುವುದು ಕನ್ನಡದ ಅಡಿಯಲ್ಲೇ. ಇದನ್ನೆಲ್ಲ ಅಮ್ಮನಿಗೆ ಆಟೋದಲ್ಲಿ ಹೇಳಿದೆ. "ಬಡಗ್ಲು ಅಂದ್ರೆ ಉತ್ತರ ಅಲ್ವೇನೋ? ಬಡಗ್ಲಿಂದ ಬಂದೋರು ಅಂತ ಹೆಸರಲ್ಲೇ ಐತಲ್ಲ, ಅದಕ್ಕೆ ಇಷ್ಟು ಓದ್ಬೇಕಾ?" ಎಂದಳು.

ನನಗೆ ನಾಚಿಕೆಯಾಯಿತು. ಕಾಲೇಜಿನ ಟೂರು, ಮದುವೆಯಾದ ಹೊಸದರಲ್ಲಿ ಒಂದು ಸಲ, ಮಕ್ಕಳ ರಜೆಗೆ ಒಂದು ಸಲ, ಹೀಗೆ ಮೂರು ಸಲ ಊಟಿಗೆ ಬಂದಿದ್ದೆ. ದೋಣಿ, ಕುದುರೆ, ಚಾಕಲೇಟು ಎಲ್ಲ ಮುಗಿಸಿ, ಇಲ್ಲಿಯವರ ಜೊತೆ ಚೌಕಾಸಿಯೊಂದನ್ನು ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ. ಹವೆ ಬಾಡಿಗೆಗೆ ಪಡೆದು ಮೂರು ದಿನಕ್ಕೆ ತೆರವು ಮಾಡುವವರಂತೆ ಬಂದು ಹೋಗಿದ್ದೆವು.

ಫರ್ನ್‌ಹಿಲ್‌ನಲ್ಲಿ ನಮ್ಮ ತೋಟಗಾರಿಕೆ ಇಲಾಖೆಯದೇ 38 ಎಕರೆಯ ಉದ್ಯಾನವಿದೆ. ಅಮ್ಮನಿಗೆ ತೋರಿಸಬೇಕೆಂದು ಅಂದುಕೊಂಡಿದ್ದೆ. "ಕನ್ನಡದ ತೋಟ ಬೆಂಗಳೂರಲ್ಲೇ ಐತೆ, ನಡಿ" ಎಂದುಬಿಟ್ಟಳು.

ಮನೆಗೆ ಬಂದ ಮೇಲೆ ಕ್ಯಾರೆಟ್ಟಿನ ಸೊಪ್ಪು ಒಂದೇ ದಿನದಲ್ಲಿ ಸೊರಗಿತು. ಚಿಕ್ಕಮ್ಮ ಫೋನು ಮಾಡಿ ಹೂವು ಹೇಗಿತ್ತೆಂದು ಕೇಳಿದಳು. ಅಮ್ಮ ಹೂವಿನ ಮಾತೇ ಎತ್ತದೆ ಮುದುಕಿಯ ಹಿಟ್ಟು, ಸಾರು, ಹಟ್ಟಿ ಎಲ್ಲ ವರ್ಣಿಸಿ, "ಹೆಸರಿಗೆ ಅವರೂ ಹೆಸರು ಅಂತಾನೇ ಅಂತಾರೆ ಕಣೆ" ಎಂದಳು. ಆ ಕಡೆಯಿಂದ ಚಿಕ್ಕಮ್ಮ ಏನು ಕೇಳಿರಬೇಕೆಂದು ಅಮ್ಮನ ಮುಖದಲ್ಲೇ ತಿಳಿಯಿತು.

"ಅದನ್ನೇ ಕೇಳ್ಲಿಲ್ವಲ್ಲೇ" ಎಂದಳು.