ನೀರು ನಡೆದ ದಾರಿಯಲ್ಲಿ ಸೈಕಲ್

ಭದ್ರಾವತಿಯ ಜನ್ನಾಪುರ ಸೈಕಲ್ಲಿಗೆ ಹೊಸಬರ ಊರೇನಲ್ಲ. ಬೆಂಕಿಪುರ ಎಂಬ ಹಳೆಯ ಹೆಸರಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಮೇಲೆ ಸುತ್ತಲಿನ ಬಡಾವಣೆಗಳ ದಿನಚರಿ ಪಾಳಿಯ ಕೂಗಿಗೆ ಹೊಂದಿಕೊಂಡಿತು. ಕೂಗು ಕೇಳಿತೆಂದರೆ ರಸ್ತೆಯ ತುಂಬ ಸೈಕಲ್ಲುಗಳೇ. ಕ್ಯಾರಿಯರಿನಲ್ಲಿ ಬುತ್ತಿ ಡಬ್ಬಿ, ಹ್ಯಾಂಡಲ್ಲಿಗೆ ಬಟ್ಟೆಯ ಚೀಲ. ಭಾನುವಾರ ಅದೇ ಸೈಕಲ್ಲಿನಲ್ಲಿ ಮಕ್ಕಳು ಒಳಪೆಡಲು ತುಳಿಯುತ್ತ ಮೊಣಕಾಲು ತರಚಿಕೊಂಡದ್ದೂ ಇಲ್ಲೇ.

ಕಾಲ ಬದಲಾಯಿತು. ಉಕ್ಕಿನ ಕಾರ್ಖಾನೆಯ ಭರಾಟೆ ಇಳಿಯಿತು. ಸುದ್ದಿಪತ್ರಿಕೆಗಳಿಗೆ ಕಾಗದ ಒದಗಿಸುತ್ತಿದ್ದ ಎಂ.ಪಿ.ಎಂ. ಗಿರಣಿಯಲ್ಲಿ 2015ರ ಹೊತ್ತಿಗೆ ಉತ್ಪಾದನೆಯೇ ನಿಂತಿತು. ಇತ್ತ ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ ಲಾರಿ, ಬಸ್ಸು, ಕಾರುಗಳ ಸಾಲು ಬೆಳೆಯಿತು. ಮೂವತ್ತು ವರ್ಷ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗಿಬಂದ ಅಜ್ಜನೂ ಇಂದು ಮೊಮ್ಮಗಳು ಬಿ.ಎಚ್. ರಸ್ತೆಗೆ ಸೈಕಲ್ ಇಳಿಸುತ್ತಾಳೆಂದರೆ ಬೇಡವೆನ್ನುತ್ತಾನೆ. ಆತನ ಅಂಜಿಕೆಯಲ್ಲಿ ತಪ್ಪೇನೂ ಇಲ್ಲ.

ಹಾಗಾದರೆ ನಿರಾಳವಾಗಿ ಸೈಕಲ್ ತುಳಿಯುವ ದಾರಿಯೇ ಇಲ್ಲವೆ? ಇದೆ. ಅದನ್ನು ಹುಡುಕಬೇಕಾದದ್ದು ಹೆದ್ದಾರಿಯಲ್ಲಿ ಅಲ್ಲ, ಭದ್ರೆಯ ಬಗಲಲ್ಲಿ.

ಫ್ರಾನ್ಸಿನವರು ಕಂಡುಕೊಂಡ ಗುಟ್ಟು

ಸೈಕಲ್ ಪ್ರವಾಸಕ್ಕೆ ಜಗತ್ತಿನಲ್ಲೇ ಹೆಸರಾದ ದೇಶ ಫ್ರಾನ್ಸ್. ಅಲ್ಲಿನ ಅತಿ ಉದ್ದದ ನದಿಯಾದ ಲುವಾರ್‌ನ ಕಣಿವೆಯಲ್ಲಿ ಸುಮಾರು 900 ಕಿ.ಮೀ. ಉದ್ದಕ್ಕೂ ಸೈಕಲ್ ಸವಾರರಿಗೆಂದೇ ಗುರುತು ಹಾಕಿದ ಹಾದಿಯಿದೆ. ಕೆಲವು ಕಡೆ ಅದು ಮೋಟಾರು ವಾಹನಗಳಿಗೆ ಪ್ರವೇಶವೇ ಇಲ್ಲದ ದಾರಿ. ಉಳಿದ ಕಡೆ ವಾಹನ ವಿರಳವಾಗಿರುವ ಹಳ್ಳಿಯ ರಸ್ತೆ. ದಕ್ಷಿಣದಲ್ಲಿ 1681ರಲ್ಲಿ ಸಂಚಾರಕ್ಕೆ ತೆರೆದ, 240 ಕಿ.ಮೀ. ಉದ್ದದ ‘ಕನಾಲ್ ದ್ಯು ಮಿದಿ’ ಎಂಬ ಕಾಲುವೆಯಿದೆ. ಹಿಂದೆ ಕುದುರೆಗಳು ದಡದಲ್ಲಿ ನಡೆಯುತ್ತ ಹಗ್ಗದಿಂದ ದೋಣಿಗಳನ್ನು ಎಳೆಯುತ್ತಿದ್ದವು. ಆ ಕುದುರೆ ಹಾದಿಯ ಎಷ್ಟೋ ಭಾಗದಲ್ಲಿ ಇಂದು ಸೈಕಲ್ಲುಗಳು ಓಡುತ್ತವೆ. 1996ರಲ್ಲಿ ಯುನೆಸ್ಕೊ ಈ ಕಾಲುವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಹಿಂದಿನ ಗುಟ್ಟು ಸರಳ. ನೀರಿಗೆ ಏರು ಗೊತ್ತಿಲ್ಲ. ಬಯಲಿಗೆ ಬಂದ ನದಿ ತಗ್ಗನ್ನು ಹುಡುಕಿಕೊಂಡು ಸಾವಕಾಶವಾಗಿ ಇಳಿಯುತ್ತದೆ. ನಾಲೆ ತೋಡುವ ಎಂಜಿನಿಯರು ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರನ್ನು ಮೈಲಿಗಟ್ಟಲೆ ಕಾಯ್ದುಕೊಂಡು ಹೋಗುತ್ತಾನೆ. ನೀರಿಗೆ ಹಿತವಾದ ಆ ಇಳಿಜಾರು ಮನುಷ್ಯನ ಕಾಲಿಗೂ ಹಿತವೇ. ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ, ಏದುಸಿರು ಬಿಡದೆ, ಮಾತಾಡುತ್ತ ಸಾಗಬಹುದಾದ ದಾರಿ ಅದು.

ಭದ್ರೆಗೆ ಎದುರಾಗಿ

ಜನ್ನಾಪುರದಿಂದ ಹೊರಡುವವರಿಗೆ ಎರಡು ದಿಕ್ಕುಗಳಿವೆ. ಮೊದಲನೆಯದು ಹೊಳೆಯ ಹರಿವಿಗೆ ಎದುರಾಗಿ ಬಿ.ಆರ್. ಪ್ರಾಜೆಕ್ಟಿನ ಕಡೆಗೆ, ಸುಮಾರು ಇಪ್ಪತ್ತು ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವ ಮುಂಚೆ ತಲುಪಬಹುದು. ಈ ರಸ್ತೆಯಲ್ಲಿ ಬಸ್ಸುಗಳಿಲ್ಲವೆಂದಲ್ಲ. ಆದರೆ ರಜೆಯ ದಿನದ ಮುಂಜಾನೆ ಎದುರಾಗುವುದು ಹೆಚ್ಚಾಗಿ ಹಾಲಿನ ಕ್ಯಾನು ಹೊತ್ತ ಬೈಕು, ಗದ್ದೆಗೆ ಹೊರಟ ಟ್ರ್ಯಾಕ್ಟರು. ಭತ್ತದ ಗದ್ದೆ, ಕಬ್ಬು, ನಡುನಡುವೆ ಅಡಿಕೆ ತೋಟ. ನೀರು ನಿಂತ ಗದ್ದೆಗಳಲ್ಲಿ ಬೆಳ್ಳಕ್ಕಿಗಳ ಹಿಂಡು. ಸಿಂಗನಮನೆ ದಾಟಿದಂತೆ ಬಯಲು ಸೀಮೆ ಹಿಂದೆ ಸರಿದು ಮಲೆನಾಡಿನ ಗಾಳಿ ಮುಖಕ್ಕೆ ತಾಗುತ್ತದೆ.

ನಿಂತು ನೀರು ಕೇಳಿದರೆ ಹಳ್ಳಿಯವರು ನೀರಿನ ಜೊತೆಗೆ ಪ್ರಶ್ನೆಯನ್ನೂ ಕೊಡುತ್ತಾರೆ: ‘ಯಾವೂರ್ರಪ್ಪಾ? ಸೈಕಲ್ನಾಗೇ ಬಂದ್ರಾ?’ ಕಾರಿನ ಗಾಜಿನೊಳಗೆ ಕುಳಿತು ಹಾದುಹೋಗುವವರಿಗೆ ಈ ಮಾತು ದಕ್ಕುವುದಿಲ್ಲ.

ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನ ಸಹ್ಯಾದ್ರಿ’ ಆವರಣ. 1987ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಕಾಡಿನ ಮಗ್ಗುಲಲ್ಲೇ ಇದೆ. ಮುಂದಿನ ವರ್ಷಗಳಲ್ಲಿ ತಾವು ಓದಬಹುದಾದ ಜಾಗವನ್ನು ಹೈಸ್ಕೂಲು ಹುಡುಗರು ತಮ್ಮದೇ ಕಾಲಿನ ಬಲದಿಂದ ಬಂದು ನೋಡುವುದು ಒಳ್ಳೆಯದೇ.

ಇನ್ನು ಸ್ವಲ್ಪ ದೂರಕ್ಕೆ ಭದ್ರಾ ಅಣೆಕಟ್ಟು. 1960ರ ದಶಕದಲ್ಲಿ ಕಟ್ಟಿ ಮುಗಿದ ಈ ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿ.ಎಂ.ಸಿ. ಎಡದಂಡೆ, ಬಲದಂಡೆ ನಾಲೆಗಳು ಹೊರಡುವುದು ಇಲ್ಲಿಂದಲೇ. ದಾವಣಗೆರೆ ಸೀಮೆಯ ಗದ್ದೆಗಳು ಹಸಿರಾಗಿರುವುದು ಬಲದಂಡೆಯ ಕೃಪೆಯಿಂದ. ಭೂಗೋಳದ ಪಾಠದಲ್ಲಿ ಒಂದು ಸಾಲಾಗಿ ಓದಿದ್ದು ಇಲ್ಲಿ ಕಣ್ಣೆದುರು ಹರಿಯುತ್ತಿರುತ್ತದೆ. ಹಿನ್ನೀರಿನ ಆಚೆಗಿರುವುದು 1998ರಲ್ಲಿ ಹುಲಿ ಮೀಸಲು ಎಂದು ಘೋಷಿತವಾದ ಭದ್ರಾ ಅಭಯಾರಣ್ಯ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ತಲೆಯೆತ್ತಿದಾಗ ರಿವರ್ ಟರ್ನ್ ಎಂಬ ಹಕ್ಕಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ.

ಹೊಳೆಯ ಜೊತೆಗೆ

ಎರಡನೆಯ ದಿಕ್ಕು ಹೊಳೆಹೊನ್ನೂರಿನ ಮೂಲಕ ಕೂಡಲಿಗೆ. ಇದೂ ಇಪ್ಪತ್ತು ಕಿ.ಮೀ. ಆಸುಪಾಸಿನ ದಾರಿಯೇ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಮತ್ತು ಭದ್ರೆ ಇಲ್ಲಿ ಮತ್ತೆ ಕೂಡುತ್ತವೆ. ಊರಿನ ಹೆಸರೇ ಆ ಸಂಗತಿಯನ್ನು ಹೇಳುತ್ತದೆ. ಹೊಯ್ಸಳ ಶೈಲಿಯ ರಾಮೇಶ್ವರ ದೇವಾಲಯ, ಸಂಗಮೇಶ್ವರ, ಹಳೆಯ ಮಠಗಳು, ನದಿಗಿಳಿಯುವ ಮೆಟ್ಟಿಲುಗಳು. ಎರಡು ನೀರು ಒಂದಾಗುವುದನ್ನು ನೋಡುತ್ತ ಮರದಡಿ ಬುತ್ತಿ ಬಿಚ್ಚಿದರೆ ಚಿತ್ರಾನ್ನಕ್ಕೂ ಬೇರೆಯೇ ರುಚಿ.

ಹೆತ್ತವರ ಪ್ರಶ್ನೆ

ಇಷ್ಟು ಓದಿದ ಹೆತ್ತವರು ಕೇಳುವ ಪ್ರಶ್ನೆ ಒಂದೇ: ಮಕ್ಕಳನ್ನು ಕಳಿಸಬಹುದೆ?

ಹಗಲು ಹೊತ್ತಿನಲ್ಲಿ, ಗುಂಪಿನಲ್ಲಿ, ಹಿರಿಯರೊಬ್ಬರು ಜೊತೆಗಿದ್ದರೆ ಕಳಿಸಬಹುದು. ಆದರೆ ಎಚ್ಚರ ಎಲ್ಲಿರಬೇಕೆಂಬುದನ್ನು ತಿಳಿದಿರಬೇಕು. ಇಲ್ಲಿ ವಾಹನಗಳ ಅಪಾಯ ಕಡಿಮೆಯಾದಷ್ಟೂ ನೀರಿನ ಅಪಾಯ ಹೆಚ್ಚು. ನಾಲೆಯ ನೀರು ಮೇಲೆ ಮಟ್ಟಸವಾಗಿ ಕಂಡರೂ ಒಳಗೆ ಸೆಳೆತ ಬಲವಾಗಿರುತ್ತದೆ. ಇಳಿಜಾರು ಬದಿಯಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಹಿಡಿದು ಮೇಲೇರಲು ಆಸರೆ ಸಿಗುವುದಿಲ್ಲ. ಈಜು ಬಲ್ಲವರೂ ಸೋಲುವುದು ಇಲ್ಲೇ. ನಾಲೆಯ ಏರಿ ನೀರಾವರಿಯವರ ಕೆಲಸದ ದಾರಿ. ಅದರ ಮೇಲೆ ಸಾಗುವಾಗ ಅಂಚಿನಿಂದ ದೂರವಿರಬೇಕು, ಒಬ್ಬರ ಹಿಂದೆ ಒಬ್ಬರಾಗಿ ಹೋಗಬೇಕು. ಕಾಲು ತೊಳೆಯಲೆಂದೂ ಇಳಿಯಕೂಡದು. ಈ ಒಂದು ನಿಯಮವನ್ನು ಮನೆಯಲ್ಲೇ ಹೇಳಿ, ಒಪ್ಪಿಸಿ ಕಳಿಸಿದರೆ ಅರ್ಧ ಚಿಂತೆ ಕಳೆದಂತೆ.

ಇನ್ನರ್ಧವನ್ನು ಕಳೆಯಬೇಕಾದವರು ಊರಿನವರು. ಫ್ರಾನ್ಸಿನ ಸೈಕಲ್ ಹಾದಿಗಳು ತಾವಾಗಿ ಹುಟ್ಟಿದವಲ್ಲ. ಹಳೆಯ ದಡ, ಹಳೆಯ ರಸ್ತೆಗಳನ್ನೇ ಆರಿಸಿ, ಫಲಕ ನೆಟ್ಟು, ಬೇಕಾದಲ್ಲಿ ವಾಹನ ತಡೆದು ಮಾಡಿದಂಥವು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಆ ವರ್ಷಗಳಲ್ಲಿ ಸೈಕಲ್ ಮನೆಗೆ ಬಂತು, ಸೈಕಲ್ಲಿನ ದಾರಿ ಮಾತ್ರ ಬರಲಿಲ್ಲ. ಭದ್ರೆಯ ಕಣಿವೆಗೆ ಹೊಸ ರಸ್ತೆ ಬೇಕಿಲ್ಲ. ಅಪಾಯದ ತಿರುವಿನಲ್ಲಿ ತಡೆಗೋಡೆ, ಅಲ್ಲಲ್ಲಿ ದಾರಿ ತೋರುವ ಫಲಕ, ಏರಿಯ ಮೇಲೆ ಸಾಲುಮರ, ಇಷ್ಟಾದರೆ ಸಾಕು. ದಾರಿಯನ್ನು ಬಳಸುವ ಮಕ್ಕಳಿದ್ದರೆ ಅದನ್ನು ಕೇಳುವ ದನಿಯೂ ಹುಟ್ಟುತ್ತದೆ.

ಹೊರಡುವ ಮುನ್ನ

ಅಕ್ಟೋಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಮಳೆಗಾಲದಲ್ಲಿ ಏರಿಯ ಮಣ್ಣು ಜಾರುವುದರಿಂದ ಡಾಂಬರು ರಸ್ತೆಯೇ ಮೇಲು. ಹೊರಡುವ ಹಿಂದಿನ ದಿನ ಬ್ರೇಕು, ಚೈನು, ಗಾಳಿ ನೋಡಿಕೊಳ್ಳಿ. ಪಂಕ್ಚರ್ ಸಾಮಾನು, ಕೈಪಂಪು, ಎರಡು ಬಾಟಲಿ ನೀರು, ಟೋಪಿ, ಬುತ್ತಿ ಜೊತೆಗಿರಲಿ. ಅಣೆಕಟ್ಟಿನ ಮೇಲೆ ಹೋಗಲು ಬಿಡುತ್ತಾರೋ ಇಲ್ಲವೋ ಎಂಬುದು ಅಂದಿನ ಅನುಮತಿಯನ್ನು ಅವಲಂಬಿಸಿದೆ. ಕಾವಲಿನವರ ಮಾತಿಗೆ ಬೆಲೆ ಕೊಡಿ. ಬಿ.ಆರ್.ಪಿ. ಸುತ್ತ ಕಾಡಿರುವುದರಿಂದ ಮಧ್ಯಾಹ್ನ ಮೂರರೊಳಗೆ ಮರಳಿ ಹೊರಡುವುದು ಕ್ಷೇಮ. ಕಾಲು ಸೋತರೆ ನಾಚಿಕೆ ಬೇಡ. ನೆರಳು ಕಂಡಲ್ಲಿ ಸೈಕಲ್ ನಿಲ್ಲಿಸಿ ಕೂರಿ, ಇಪ್ಪತ್ತು ಕಿ.ಮೀ. ದಾರಿಗೆ ಇಡೀ ದಿನವೇ ಇದೆ.